ಬಾವಿಯಲ್ಲಿ ಕಲಿತ ಮಾತು

ಕೊಟ್ರಬಸಪ್ಪ ನೌಕಾಪಡೆಯ ಕೆಲಸ ಮುಗಿಸಿ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಬಂದದ್ದು ಎಪ್ಪತ್ತೆಂಟರ ದೀಪಾವಳಿಯ ಹಿಂದಿನ ವಾರ. ಅಷ್ಟೊತ್ತಿಗೆ ಶೇಖರಮ್ಮ ಅವನನ್ನು ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಅವನ ರಜೆಗಳನ್ನೆಲ್ಲ ಕೂಡಿಸಿದರೂ ಇಬ್ಬರೂ ಒಂದೇ ಮನೆಯಲ್ಲಿ ಇದ್ದದ್ದು ಮೂರು ವರ್ಷವಾದೀತು. ರಜೆಯಲ್ಲಿ ಬಂದರೂ ಮನೆ ತುಂಬ ಬಂಧುಬಳಗ. ಮಗಳು ಕಳಕಮ್ಮ ಹುಟ್ಟಿ ಬೆಳೆದು ಯಲಬುರ್ಗಾಕ್ಕೆ ಮದುವೆಯಾಗಿ ಹೋಗುವಷ್ಟರಲ್ಲಿ ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತಾಡಿದ್ದು ಕಡಿಮೆಯೇ. ಇನ್ನು ಮುಂದಾದರೂ ಮಾತಾಡಬಹುದು ಎಂದು ಶೇಖರಮ್ಮ ಕಾದಿದ್ದಳು.

ಅವನ ಕೆಲಸ ಹಡಗಿನ ತಳ ನೋಡುವುದಾಗಿತ್ತು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಕಣ್ಣಿಗೆ ಗಾಜು ಹಾಕಿಕೊಂಡು ಸಮುದ್ರಕ್ಕೆ ಇಳಿಯುವವನು. ಬರುವಾಗ ಹಳೆಯ ಸಾಮಾನಿನ ಹರಾಜಿನಲ್ಲಿ ಕೊಂಡ ಎರಡು ಸಿಲಿಂಡರು, ರಬ್ಬರಿನ ಕೊಳವೆ, ಮೂರು ಗಾಜಿನ ಮುಖವಾಡ ತಂದಿದ್ದ. ಅವನ್ನೆಲ್ಲ ಅಟ್ಟದ ಮೇಲಿಟ್ಟು ಸ್ಟೇಷನ್ನಿನ ದಾರಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಹಾಕಿದ.

ಶೇಖರಮ್ಮನಿಗೆ ಹೇಳಲಿಕ್ಕೆ ಬೇಕಾದಷ್ಟಿತ್ತು. ಬೆಳಿಗ್ಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ, ಬೆನ್ನ ಹಿಂದೆ ಊಟಕ್ಕೆ ಕೂತ ಗಂಡನಿಗೆ ಒಂದೊಂದಾಗಿ ಹೇಳುತ್ತಿದ್ದಳು. ಅವನು ಆಗಾಗ "ಹ್ಞೂಂ" ಎನ್ನುತ್ತಿದ್ದ. ಎಲ್ಲಿ ಅನ್ನಬಾರದೋ ಅಲ್ಲೂ ಅನ್ನುತ್ತಿದ್ದ. ಒಂದು ದಿನ ಅವನ ತಾಯಿಯ ಕೊನೆಯ ದಿನಗಳ ಮಾತು ಬಂತು. ತಂತಿ ತಲುಪಿ ಅವನು ಬರುವಷ್ಟರಲ್ಲಿ ಮಣ್ಣಾಗಿತ್ತು. ಆ ಮುದುಕಿ ಮೂರು ದಿನ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದು, ಸೊಸೆಯ ಕೈ ಹಿಡಿದು "ನನ್ನ ಮಗ ಬಂದ್ರ ಸಿಟ್ಟು ಮಾಡಬ್ಯಾಡ" ಎಂದದ್ದು, ಶೇಖರಮ್ಮ ಎಲ್ಲ ಹೇಳಿದಳು. ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. ಹಿಂದಿನಿಂದ ಗಂಡನ ದನಿ ಕೇಳಿತು.

"ಪಲ್ಯಕ್ಕ ಉಪ್ಪು ಕಮ್ಮಿ ಆಗೈತಿ ನೋಡು."

ಅವಳು ಉಪ್ಪಿನ ಡಬ್ಬಿಯನ್ನು ಅವನ ಮುಂದೆ ಇಟ್ಟು ಒಳಗೆ ಹೋದಳು. ಅಂದಿನಿಂದ ಬೇಕಾದಷ್ಟೇ ಮಾತು. ಊಟಕ್ಕೆ ಬರ್ರಿ, ನೀರು ಕಾದೈತಿ, ಅಕ್ಕಿ ತೀರೈತಿ. ಅವನೂ ಕೇಳಲಿಲ್ಲ, ಯಾಕೆ ಸುಮ್ಮನಾದಿ ಎಂದು.

ಎಂಬತ್ತೊಂದರ ಬೇಸಿಗೆಯಲ್ಲಿ ದೇವೇಂದ್ರಪ್ಪನ ಬಾವಿಗೆ ನೀರೆತ್ತುವ ಮೋಟರು ಬಿತ್ತು. ದೇವೇಂದ್ರಪ್ಪ ಶೇಂಗಾ ವ್ಯಾಪಾರಿ. ಊರ ಹೊರಗಿನ ಅವನ ಹೊಲದಲ್ಲಿ ಮೆಟ್ಟಿಲಿನ ದೊಡ್ಡ ಬಾವಿ, ಕಡುಬೇಸಿಗೆಯಲ್ಲೂ ನಾಲ್ಕಾಳು ನೀರು. ಈಸು ಬಲ್ಲವರು ನಾಲ್ಕೈದು ಮಂದಿ ಜಿಗಿದು ಉಸಿರು ಕಟ್ಟಿ ಮೇಲೆ ಬಂದರು. ಕೊಟ್ರಬಸಪ್ಪ ಅಟ್ಟದಿಂದ ಸಿಲಿಂಡರು ಇಳಿಸಿದ. ಅದರಲ್ಲಿ ಉಳಿದಿದ್ದ ಗಾಳಿಯಲ್ಲೇ ಇಳಿದು, ಇಪ್ಪತ್ತು ನಿಮಿಷ ತಳದಲ್ಲಿದ್ದು, ಮೋಟರಿಗೆ ಹಗ್ಗ ಕಟ್ಟಿ ಬಂದ. ಬಾವಿಯ ಸುತ್ತ ನಿಂತ ಮಂದಿ ಕಣ್ಣು ಪಿಳುಕಿಸಿರಲಿಲ್ಲ.

ಸಂಘ ಹುಟ್ಟಿದ್ದು ಹಾಗೆ. ದೇವೇಂದ್ರಪ್ಪ, ಸಾಲೆಯ ಮಾಸ್ತರ ಪಕೀರಪ್ಪ, ಲಾರಿ ಮೆಕ್ಯಾನಿಕ್ ರಾಜಾಸಾಬ, ಮೂವರೂ ನಮಗೂ ಕಲಿಸ್ರಿ ಎಂದು ಗಂಟು ಬಿದ್ದರು. ಪಕೀರಪ್ಪ ತಾನೇ ಒಂದು ತಗಡಿನ ಮೇಲೆ 'ಭಾಗ್ಯನಗರ ಮುಳುಗುಗಾರರ ಸಂಘ' ಎಂದು ಬರೆದು ಬಾವಿಯ ಪಕ್ಕದ ಬೇವಿನ ಮರಕ್ಕೆ ಹೊಡೆದ. ಖಾಲಿಯಾದ ಸಿಲಿಂಡರನ್ನು ಗೋಣಿಯಲ್ಲಿ ಸುತ್ತಿ ರಾಜಾಸಾಬ ಗೋವಾದ ರೈಲು ಹತ್ತುತ್ತಿದ್ದ. ವಾಸ್ಕೋದಲ್ಲಿ ಕೊಟ್ರಬಸಪ್ಪನ ಹಳೆಯ ಗೆಳೆಯನೊಬ್ಬ ಗಾಳಿ ತುಂಬಿಸಿ ಕೊಡುತ್ತಿದ್ದ. ಅಷ್ಟು ದೂರದಿಂದ ಬಂದ ಗಾಳಿಯನ್ನು ನಾಲ್ವರೂ ರವಿವಾರ ಬೆಳಿಗ್ಗೆ ಪಾಳಿಯ ಮೇಲೆ, ಒಬ್ಬೊಬ್ಬರಿಗೆ ಏಳೆಂಟು ನಿಮಿಷದಂತೆ, ಪ್ರಸಾದದ ಹಾಗೆ ಹಂಚಿಕೊಳ್ಳುತ್ತಿದ್ದರು. ಸುತ್ತಲಿನ ಬಾವಿಗಳಲ್ಲಿ ಬಿದ್ದ ಕೊಡ, ತಂಬಿಗೆ, ರಾಟಿ ಎಲ್ಲ ತೆಗೆದುಕೊಟ್ಟರು. ಹಿಟ್ನಾಳದಿಂದಲೂ ಹೆಣ್ಣುಮಕ್ಕಳು ಬಂದು, "ನಮ್ಮ ತವರುಮನಿ ಕೊಡ ರೀ, ಒಂದೀಟು ನೋಡ್ರಿ" ಎಂದು ಕೇಳುತ್ತಿದ್ದರು.

ಮುಳುಗಿ ಬಂದವರು ಕೊಟ್ರಬಸಪ್ಪನ ಮನೆಯಲ್ಲಿ ಚಹಾ ಕುಡಿದು, ಒಗ್ಗರಣೆ ಮಂಡಕ್ಕಿ ತಿಂದು ಹೋಗುವುದು ರೂಢಿಯಾಯಿತು. ಶೇಖರಮ್ಮ ಮಾಡಿ ಕೊಡುತ್ತಿದ್ದಳು. ಹೊರಗಿನ ನಗೆ ಕೇಳಿದಾಗ, ಇವರ ಜೋಡಿ ನಗಲಿಕ್ಕೆ ಬರುತ್ತದೆ, ನನ್ನ ಜೋಡಿ ಮಾತಾಡಲಿಕ್ಕೆ ಬರುವುದಿಲ್ಲ ಎಂದುಕೊಳ್ಳುತ್ತಿದ್ದಳು.

ನೀರೊಳಗೆ ಬಾಯಿ ಕೆಲಸಕ್ಕೆ ಬರುವುದಿಲ್ಲ. ಎಲ್ಲ ಕೈಸನ್ನೆಯಲ್ಲೇ ಹೇಳಬೇಕು. ಹೆಬ್ಬೆಟ್ಟು ಎತ್ತಿದರೆ ಮೇಲೆ ಹೋಗೋಣ ಎಂದರ್ಥ, ಹೆಬ್ಬೆಟ್ಟು ತೋರುಬೆರಳು ಕೂಡಿಸಿ ಸುತ್ತು ಮಾಡಿದರೆ ಆರಾಮದೀನಿ ಎಂದರ್ಥ. ಪಕೀರಪ್ಪ ಮಾಸ್ತರನಿಗೆ ಇದು ತಲೆಯಲ್ಲಿ ನಿಲ್ಲದು. ಒಳಗೆ ಹೋದವನೇ ಖುಷಿಯಿಂದ ಹೆಬ್ಬೆಟ್ಟು ಎತ್ತುವನು. ಕೊಟ್ರಬಸಪ್ಪ ಗಾಬರಿಯಾಗಿ ಅವನನ್ನು ಮೇಲೆ ಎಳೆದು ತರುವನು. ಮತ್ತೆ ಇಳಿಯುವುದು, ಮತ್ತೆ ಹೆಬ್ಬೆಟ್ಟು. ಮೂರನೆಯ ಸಲ ಎಳೆದು ತಂದಾಗ ಮೆಟ್ಟಿಲ ಮೇಲೆ ಯಾರೋ ಗಟ್ಟಿಯಾಗಿ, ವಿಚಿತ್ರವಾದ ದನಿಯಲ್ಲಿ ನಕ್ಕರು.

ನಕ್ಕವನು ಯಂಕೋಬ. ಬಾವಿಗಳ ಹೂಳು ತೆಗೆಯುವ ಕೂಲಿ. ಮೂವತ್ತರ ಆಸುಪಾಸು ವಯಸ್ಸು. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತು ಬಂದಿಲ್ಲ. ಊರಲ್ಲಿ ಅವನ ಹೆಸರು ಹೇಳುವವರಿಲ್ಲ, ಎಲ್ಲರಿಗೂ ಅವನು 'ಮೂಗ'. ನೀರಿಗಿಳಿಯುವ ಮುಂಚೆ ಕೊಟ್ರಬಸಪ್ಪ ಮೆಟ್ಟಿಲ ಮೇಲೆ ನಿಂತು ಮಾಡುತ್ತಿದ್ದ ಸನ್ನೆಗಳನ್ನು ಮೂರು ವಾರ ನೋಡಿ ಅವನು ಪೂರ್ತಿ ಕಲಿತುಬಿಟ್ಟಿದ್ದ. ಎದ್ದು ಬಂದು ಮಾಸ್ತರನ ಹೆಬ್ಬೆಟ್ಟನ್ನು ಮಡಿಸಿ, ತೋರುಬೆರಳಿಗೆ ತಾಗಿಸಿ, ಹೀಗೆ ಎಂದು ತೋರಿಸಿದ. ಕೊಟ್ರಬಸಪ್ಪ ಅವನನ್ನೇ ಒಂದು ಗಳಿಗೆ ನೋಡಿ, ಮಾಸ್ತರನ ಮುಖವಾಡ ಬಿಚ್ಚಿ ಯಂಕೋಬನ ಕೈಗೆ ಕೊಟ್ಟ.

ನೀರೊಳಗೆ ಯಂಕೋಬನಷ್ಟು ನೆಮ್ಮದಿಯಾಗಿದ್ದವರು ಯಾರೂ ಇರಲಿಲ್ಲ. ಎರಡೇ ತಿಂಗಳಲ್ಲಿ ಕೊಟ್ರಬಸಪ್ಪನ ಜೋಡಿ ಇಳಿಯುವವನು ಅವನೇ ಆದ. ಅವನ ಸನ್ನೆ ಉಳಿದವರಿಗೆ ತಿಳಿಯದಾದಾಗ ಅವನ ಹೆಂಡತಿ ಹೊಳಿಯಮ್ಮನನ್ನು ಕರೆಸಿದರು. ಗಂಡ ಹೆಂಡತಿ ತಾವೇ ಮಾಡಿಕೊಂಡ ಸನ್ನೆಗಳು ನೂರಾರಿದ್ದವು. ಬಾವಿಯ ಮೇಲಿನ ಮೆಟ್ಟಿಲಲ್ಲಿ ಸೆರಗು ಬಿಗಿದು ಕೂತ ಹೊಳಿಯಮ್ಮ, "ಹಂಗಲ್ರಿ ಮಾಸ್ತರ, ಬೆರಳು ನೆಟ್ಟಗ ಮಾಡ್ರಿ" ಎಂದು ಹೇಳಿಕೊಡುವಳು. ಶೇಂಗಾ ವ್ಯಾಪಾರಿಯೂ ಮಾಸ್ತರನೂ ಮೆಕ್ಯಾನಿಕ್ಕನೂ ಸಾಲೆ ಹುಡುಗರ ಹಾಗೆ ಅವಳ ಮುಂದೆ ಕೈ ಆಡಿಸುವರು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಸಂಘದಲ್ಲಿ ಮೂಗ ಎನ್ನುವ ಮಾತು ತಾನಾಗಿಯೇ ನಿಂತುಹೋಯಿತು.

ರವಿವಾರ ಹೊಳಿಯಮ್ಮನೂ ಮನೆಗೆ ಬರುತ್ತಿದ್ದಳು. ಮೊದಮೊದಲು ಹೊಸ್ತಿಲಾಚೆ ಕೂರುವಳು. ಶೇಖರಮ್ಮ ಕೈ ಹಿಡಿದು ಒಳಗೆ ಕರೆತಂದ ಮೇಲೆ ಉಳ್ಳಾಗಡ್ಡಿ ಹೆಚ್ಚಿಕೊಡುವಳು. ಮರುವರ್ಷದ ಸಂಕ್ರಾಂತಿ ಕಳೆದ ಮೊದಲ ರವಿವಾರ, ಚಹಾದ ಲೋಟ ತೊಳೆಯುತ್ತ ಅವಳು ಸಣ್ಣ ದನಿಯಲ್ಲಿ ಹೇಳಿದಳು.

"ಅಕ್ಕಾರ, ಒಂದ ಮಾತೈತ್ರಿ. ಸಿಟ್ಟಿಗೇಳಬಾರದು."

"ಹೇಳ ಹೊಳಿಯವ್ವ."

"ಇದು ನನ್ನ ಮಾತಲ್ರಿ, ನಮ್ಮ ಮನಿಯವರು ಹೇಳ್ಯಾರ. ಹೇಳೂದೋ ಬ್ಯಾಡೋ ಅಂತ ನಾ ಎರಡು ತಿಂಗಳು ಸುಮ್ನಿದ್ದೆ." ಲೋಟ ಕೆಳಗಿಟ್ಟಳು. "ಅಣ್ಣಾರಿಗೆ ಕಿವಿ ಕೇಳಂಗಿಲ್ಲಂತ್ರಿ."

ಶೇಖರಮ್ಮ ನಕ್ಕಳು. "ಯಾಂವ ಹೇಳಿದ? ಇಡೀ ಊರ ಜೋಡಿ ಮಾತಾಡ್ತಾರ ಅವರು."

"ಎದುರಿಗೆ ನಿಂತವರ ತುಟಿ ನೋಡಿ ಮಾತಾಡ್ತಾರಂತ್ರಿ. ಹಿಂದಿನಿಂದ ಕರದ್ರ ತಿರುಗಂಗಿಲ್ಲ. ಯಾರರ ಕರದ್ರ ನಮ್ಮ ಮನಿಯವರೇ ಅಣ್ಣಾರ ಭುಜ ಮುಟ್ಟಿ ತೋರಸ್ತಾರ. ಅವರಿಗೂ ಕೇಳಂಗಿಲ್ಲಲ್ರಿ, ಅದಕ್ಕ ಯಾರು ಕರದ್ರು ಅಂತ ಸುತ್ತಲಿನವರ ಬಾಯಿ ನೋಡ್ಕೋತ ಇರ್ತಾರ." ಹೊಳಿಯಮ್ಮ ತಲೆ ತಗ್ಗಿಸಿದಳು. "ಕೇಳದಿರೋ ಮನಷಾ ಹ್ಯಾಂಗಿರ್ತಾನ ಅನ್ನೂದು ಅವರಿಗೆ ಗೊತ್ತಾಗ್ದ ಮತ್ಯಾರಿಗೆ ಗೊತ್ತಾಗಬೇಕ್ರಿ?"

ಎಲ್ಲರೂ ಹೋದ ಮೇಲೆ ಶೇಖರಮ್ಮ ಹಿತ್ತಲ ಬಾಗಿಲಲ್ಲಿ ನಿಂತಳು. ಕೊಟ್ರಬಸಪ್ಪ ಬೆನ್ನು ಮಾಡಿ ಕೂತು ಮುಖವಾಡದ ರಬ್ಬರಿನ ಪಟ್ಟಿ ಹೊಲಿಯುತ್ತಿದ್ದ. ಬಿಸಿಲು ಅವನ ನೆತ್ತಿಯ ಮೇಲಿತ್ತು.

"ಏನ್ರಿ" ಎಂದಳು. ಅವನು ಹೊಲಿಯುತ್ತಲೇ ಇದ್ದ. "ನೋಡ್ರಿ ಇಲ್ಲೆ" ಎಂದು ದನಿ ಏರಿಸಿದಳು. ಸೂಜಿ ನಿಲ್ಲಲಿಲ್ಲ.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೇಳಿ ಬೆಳೆದವಳು ಅವಳು. ರೇಷನ್ ಕಾರ್ಡಿಗೆ ಹೆಸರು ಬರೆಯಲು ಬಂದವರಿಗೂ ಪಕ್ಕದ ಮನೆಯವರಿಂದ ಹೇಳಿಸಿದ್ದಳು. ಈಗ ಎರಡು ಹೆಜ್ಜೆ ಮುಂದೆ ಬಂದು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಜೀವಮಾನದಲ್ಲಿ ಮೊದಲ ಸಲ ಆ ಹೆಸರನ್ನು ಬಾಯಿಬಿಟ್ಟು ಅಂದಳು.

"ಕೊಟ್ರಬಸಪ್ಪ."

ಹಿತ್ತಲಲ್ಲಿದ್ದ ಕೋಳಿ ತಲೆಯೆತ್ತಿ ನೋಡಿತು. ಅವನು ದಾರವನ್ನು ಹಲ್ಲಿನಿಂದ ಕಡಿದು ಇನ್ನೊಂದು ಹೊಲಿಗೆ ಹಾಕಿದ.

ಅವಳು ಅಲ್ಲೇ ಕುಸಿದು ಕೂತು ಬಾಯಿಗೆ ಸೆರಗು ಹಿಡಿದು ಅತ್ತಳು. ಮೂರು ವರ್ಷದ ಸಿಟ್ಟು ಯಾರ ಮೇಲೆ ಮಾಡಿಕೊಂಡಿದ್ದೆ ಎಂದು ಅಳು. ತುಸು ಹೊತ್ತಿನ ಮೇಲೆ ಎದ್ದು, ಮುಖ ತೊಳೆದು, ಸುತ್ತು ಹಾಕಿ ಅವನ ಎದುರಿಗೆ ಬಂದು ಕೂತಳು. ಕೆಂಪಾದ ಕಣ್ಣು ನೋಡಿ ಅವನು ಸೂಜಿ ಕೆಳಗಿಟ್ಟ.

"ಯಾಕ? ಯಲಬುರ್ಗಾದಿಂದ ಏನರ ಸುದ್ದಿ ಬಂತೇನು?"

ಶೇಖರಮ್ಮ ತನ್ನ ಕಿವಿ ಮುಟ್ಟಿ ತೋರಿಸಿ, ನಿಧಾನವಾಗಿ ಕೇಳಿದಳು. "ಎಷ್ಟು ವರ್ಷ ಆತ್ರಿ?"

ಅವನು ಬೆರಳಿಗೆ ಸುತ್ತಿದ್ದ ದಾರ ಬಿಚ್ಚುತ್ತ ಕೂತ.

"ಎಪ್ಪತ್ತೈದರಾಗ. ನೆಗಡಿ ಇತ್ತು. ನೆಗಡಿ ಇದ್ದಾಗ ಇಳಿಬಾರದು. ಯಾರಿಗೂ ಹೇಳದ ಇಳದೆ. ಕಿವ್ಯಾಗ ರಕ್ತ ಬಂತು. ಗಾಯ ಮಾಯ್ತು, ಬಲಗಿವಿ ಮಾಯಲಿಲ್ಲ. ಎಡಗಿವಿ ಇಲ್ಲಿಗೆ ಬಂದ ಮ್ಯಾಲ ಹೊಂಟೈತಿ."

"ನನಗ್ಯಾಕ ಹೇಳ್ಲಿಲ್ರಿ?"

"ಇಪ್ಪತ್ತು ವರ್ಷ ನನ್ನ ದಾರಿ ನೋಡ್ಕೋತ ಕುಂತಿದ್ದಿ. ಬಂದಾಂವ ಕಿವುಡ ಅಂತ ಹ್ಯಾಂಗ ಹೇಳ್ಲಿ ನಿನಗ?" ಅವನು ಮುಖವಾಡ ಪಕ್ಕಕ್ಕಿಟ್ಟ. "ನೀ ರೊಟ್ಟಿ ಬಡ್ಯಾಗ ಮಾತಾಡ್ತಿದ್ದಿ, ಹೌದಲ್ಲ? ನಿನ್ನ ಭುಜ ಅಲ್ಲಾಡೂದು ಕಾಣ್ತಿತ್ತು. ಏನೋ ಹೇಳಾಕತ್ಯಾಳ ಅಂತ ಗೊತ್ತಾಗ್ತಿತ್ತು. ಏನು ಅಂತ ತಿಳೀತಿದ್ದಿಲ್ಲ. ಒಂದಿನ ನೀ ಸುಮ್ನಾದಿ. ಕೇಳಾಕ ಧೈರ್ಯ ಆಗಲಿಲ್ಲ ನನಗ. ಬಾವ್ಯಾಗ ಇಳದ್ರ ಎಲ್ಲಾರೂ ನನ್ನಂಗ ಆಗ್ತಾರ. ಅಲ್ಲಿ ಒಂದೀಟು ಆರಾಮ ಅನಸ್ತಿತ್ತು."

ಅವತ್ತು ಮಧ್ಯಾಹ್ನ ಒಲೆ ಹೊತ್ತಲಿಲ್ಲ. ಶೇಖರಮ್ಮ ಅವನ ಮುಖಕ್ಕೆ ಮುಖ ಕೊಟ್ಟು ಕೂತು ಅತ್ತೆಯ ಕೊನೆಯ ದಿನಗಳ ಕತೆಯನ್ನು ಮೊದಲಿನಿಂದ ಹೇಳಿದಳು. ತಿಳಿಯದ ಮಾತನ್ನು ಎರಡು ಸಲ, ಮೂರು ಸಲ ಹೇಳಿದಳು. 'ಸಿಟ್ಟು ಮಾಡಬ್ಯಾಡ' ಎನ್ನುವ ಮಾತು ತಿಳಿದಾಗ ಅವನು ಮೊಣಕಾಲಿಗೆ ಹಣೆ ಹಚ್ಚಿ ಕೂತುಬಿಟ್ಟ. ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು.

ಮುಂದಿನ ವಾರ ಹುಬ್ಬಳ್ಳಿಯ ಡಾಕ್ಟರರ ಹತ್ತಿರ ಹೋದರು. ಹೋದದ್ದು ಬರುವುದಿಲ್ಲ, ಇನ್ನು ಮುಳುಗಿದರೆ ಉಳಿದದ್ದೂ ಉಳಿಯುವುದಿಲ್ಲ ಎಂದು ಅವರು ಚೀಟಿಯಲ್ಲಿ ಬರೆದು ತೋರಿಸಿದರು. ರೈಲಿನಲ್ಲಿ ಬರುವಾಗ ಕೊಟ್ರಬಸಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ. ಗದಗ ದಾಟಿದ ಮೇಲೆ ಅಂದ. "ಸಂಘ ಮುಚ್ಚಿಬಿಡೂಣು."

ಮುಚ್ಚಲಿಕ್ಕೆ ಉಳಿದವರು ಬಿಡಲಿಲ್ಲ. ಅವನೇ ಬಾವಿಯ ಮೆಟ್ಟಿಲ ಮೇಲೆ ನಿಂತು ಎಲ್ಲ ಹೇಳಿದ. ದೇವೇಂದ್ರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ರಾಜಾಸಾಬ ಮುಂದೆ ಬಂದು ಅವನ ಎದುರಿಗೆ ನಿಂತ. "ಅಣ್ಣಾರ, ಗಾಳಿ ತರಾಕ ನಾ ಅದೀನಿ. ಇಳ್ಯಾಕ ಯಂಕೋಬ ಅದಾನ. ಮ್ಯಾಲ ನಿಂತು ಬೈಯಾಕ ನೀವು ಬೇಕ್ರಿ."

ಹಾಗೆ ಯಂಕೋಬ ಮುಂದಾಳಾದ. ಹಗ್ಗದ ತುದಿ ಹಿಡಿದು ಮೆಟ್ಟಿಲ ಮೇಲೆ ನಿಲ್ಲುವುದು ಕೊಟ್ರಬಸಪ್ಪನ ಕೆಲಸವಾಯಿತು. ಮೊದಲ ಕೆಲವು ವಾರ ಅವನಿಗೆ ಅದು ಬಹಳ ಕಷ್ಟವಾಯಿತು. ಯಂಕೋಬ ನೀರಿಗಿಳಿಯುವ ಮುಂಚೆ ಪ್ರತಿ ಸಲ ಅವನ ಕಡೆ ತಿರುಗಿ, ಹೋಗಲೇ ಎಂದು ಕೈಯಲ್ಲಿ ಕೇಳುತ್ತಿದ್ದ. ಇವನು ಹೋಗು ಎಂದ ಮೇಲೆಯೇ ಇಳಿಯುತ್ತಿದ್ದ.

ಶೇಖರಮ್ಮ ಹೊಳಿಯಮ್ಮನ ಹತ್ತಿರ ಸನ್ನೆ ಕಲಿಯತೊಡಗಿದಳು. ಉಪ್ಪು, ಖಾರ, ಸಂತೆ, ಮಗಳು, ಸಿಟ್ಟು, ನಗು. ರಾತ್ರಿಯ ಊಟ ಮುಗಿಸಿ ಗಂಡನಿಗೆ ಕಲಿಸುವಳು. ಇಲ್ಲದ್ದಕ್ಕೆ ಇಬ್ಬರೂ ಕೂಡಿ ಹೊಸದು ಮಾಡುವರು. ಜಗಳ ಬಂದಾಗ ಅವಳ ಕೈ ಎಷ್ಟು ಜೋರಾಗಿ ಓಡುತ್ತಿತ್ತೆಂದರೆ, ಅವನಿಗೆ ನಗು ಬಂದು ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಎಂಬತ್ತಾರರ ಒಂದು ಬೆಳಿಗ್ಗೆ ಶೇಖರಮ್ಮ ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಯಲಬುರ್ಗಾದ ಬಸ್ಸು ಹತ್ತಿದಳು. ಮೊಮ್ಮಗನ ಕೂದಲು ತೆಗೆಸುವ ಜವಳದ ಕಾರ್ಯ, ಮಗಳಿಗೆ ಕೈಜೋಡಿಸಲು ನಾಲ್ಕು ದಿನ ಮುಂಚೆ ಹೊರಟಿದ್ದಳು. ಕೊಟ್ರಬಸಪ್ಪ ಕಾರ್ಯದ ದಿನ ಬರುವವನು. ಕಿಟಕಿಯ ಗಾಜು ಸಿಕ್ಕಿಕೊಂಡು ಸರಿಯಲೊಲ್ಲದು. ಎಂಜಿನಿನ ಗದ್ದಲದಲ್ಲಿ ಕೆಳಗೆ ನಿಂತವರು, ಒಳಗೆ ಕೂತವರು ಒಬ್ಬರಿಗೊಬ್ಬರು ಕೂಗಿ ಕೂಗಿ ಸೋಲುತ್ತಿದ್ದರು. ಕೊಟ್ರಬಸಪ್ಪ ಸೈಕಲ್ಲಿಗೆ ಒರಗಿ ನಿಂತು ಕೈಯಾಡಿಸಿದ. ಅವಳು ಒಳಗಿನಿಂದ ಕೈಯಾಡಿಸಿದಳು. ರೊಟ್ಟಿ ಬುಟ್ಟಿಯಲ್ಲಿವೆ, ಚಟ್ನಿಯೂ ಇದೆ. ಹಾಲಿಗೆ ಬೆಕ್ಕು ಬಾಯಿ ಹಾಕೀತು, ಮುಚ್ಚಿಡಿ. ಅವನು ಕೇಳಿದ, ಪಕೀರಪ್ಪ ಮಾಸ್ತರನಿಗೂ ಊಟಕ್ಕೆ ಹೇಳಲೇ? ಹೇಳಿ, ಆದರೆ ಅನ್ನ ಅವರಿಂದಲೇ ಮಾಡಿಸಿ.

ಬಸ್ಸು ಹಿಂದೆ ಸರಿದು ತಿರುಗಿತು. ಅವನು ನಾಲ್ಕು ಹೆಜ್ಜೆ ಜೊತೆಗೇ ಬಂದು ಇನ್ನೇನೋ ಹೇಳಿದ. ಶೇಖರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಪಕ್ಕದಲ್ಲಿ ಕೂತ, ಕುಷ್ಟಗಿ ಕಡೆಯ ಮುದುಕಿ ಆಗಿನಿಂದ ಇಬ್ಬರನ್ನೂ ನೋಡುತ್ತಿದ್ದಳು. ತಡೆಯಲಾರದೆ ಕೇಳಿದಳು.

"ಏನಂತ ಯವ್ವಾ ಕಡೀಕ ಹೇಳಿದ್ದು?"

"ಇನ್ನೂ ನಾಲ್ಕು ದಿನ ಐತೆಲ್ಲ, ಇಷ್ಟು ಲಗೂ ಯಾಕ ಹೊಂಟಿ ಅಂತಾರಬೇ" ಎಂದಳು ಶೇಖರಮ್ಮ. ಮುಖ ಕೆಂಪಾಗಿತ್ತು. ನಲವತ್ನಾಲ್ಕರ ವಯಸ್ಸಿನಲ್ಲಿ ನಾಚಿಕೆಯಾಯಿತೆಂದು ಅವಳಿಗೇ ಮತ್ತೆ ನಗು ಬಂತು. ಬಸ್ಸು ಊರು ದಾಟುವವರೆಗೂ ಅವಳು ನಗುತ್ತಲೇ ಇದ್ದಳು.