ಈರಮ್ಮನ ಎಡಗೈ

ಈರಮ್ಮ ಲಿಂಗೈಕ್ಯಳಾದ ಸುದ್ದಿ ಸಿರ್ಗಾಪುರಕ್ಕೆ ಫೋನಿನಲ್ಲಿ ಬಂತು. ತೆಲಂಗಾಣಕ್ಕಾಗಿ ಊರೂರಲ್ಲಿ ಸಮ್ಮೆ ನಡೆದಿದ್ದ ದಿನಗಳವು. ತೊಗರಿ ಹೊಲಕ್ಕೆ ಒಮ್ಮೆ ಕಣ್ಣಾಡಿಸಿ ಮರಳುತ್ತೇನೆಂದು ಹೈದರಾಬಾದಿನ ಆಸ್ಪತ್ರೆಯಿಂದ ಬಂದಿದ್ದ ಗಂಡ ಮನ್ಮಥಪ್ಪ, ಬಸ್ಸು ನಿಂತು ಊರಲ್ಲೇ ಸಿಕ್ಕಿಕೊಂಡಿದ್ದ. ಅವಳ ಹತ್ತಿರ ಇದ್ದವನು ಅವನ ತಮ್ಮ ಸಂಗು.

"ಅಣ್ಣಾ, ವೈನಿ ಹೋದ್ರು," ಎಂದ ಸಂಗು.

ಮರುದಿನ ಮುಂಜಾನೆ ಜೀಪಿನಲ್ಲಿ ಹೆಣ ಬಂತು. ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ ಹೂ ಏರಿಸಿದರು. ತಾಂಡೂರಿನಿಂದ ಬಂದಿದ್ದ ಈರಮ್ಮನ ಅಕ್ಕ ಶಕುಂತಲಾಬಾಯಿ ಅಳುತ್ತಲೇ ತಂಗಿಯ ಎದೆ ಮುಟ್ಟಿ ನೋಡಿದಳು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಅಲ್ಲೇ ಇತ್ತು.

"ಈಗ ಅದ ಖರೆ," ಎಂದಳು. "ಆಸ್ಪತ್ರ್ಯಾಗ ಆ ದವಡಿ ಫೋಟೋದ ಮಷೀನಿನಾಗ ಕೂಡ್ಸಿದಾಗ ಇತ್ತೇನ್ರಿ, ಮನ್ಮಥಪ್ಪನೋರ? ಹಿಂದ ನಂದು ತೆಗೆದಾಗ ಮೂಗುತಿ ಸುದ್ದಾ ಬಿಡಲಿಲ್ಲ, ಎಲ್ಲಾ ತೆಗಿಸಿದ್ರು. ಲಿಂಗ ಅಗಲಿದಾಕಿಗೆ ಅಯ್ಯನವ್ರು ಸಮಾಧಿ ಹ್ಯಾಂಗ ಕೊಡ್ತಾರ?"

ಅಗಲಲಿಲ್ಲ ಎನ್ನಲು ಮನ್ಮಥಪ್ಪನಿಗೇ ಗೊತ್ತಿರಲಿಲ್ಲ. ಪರಕಾರ ತೊಡುವ ಹುಡುಗಿ ವಯಸ್ಸಿನಲ್ಲಿ ಕಟ್ಟಿಸಿಕೊಂಡ ಲಿಂಗವನ್ನು ಜ್ವರದಲ್ಲಿ, ಹೆರಿಗೆಯಲ್ಲಿ ಕೂಡ ಮೈಯಿಂದ ದೂರ ಮಾಡಿದವಳಲ್ಲ ಈರಮ್ಮ. ಕೊನೆಗಾಲಕ್ಕೆ ಆ ವ್ರತ ಮುರಿಯಿತೇ ಎಂಬ ಮುಳ್ಳು ಅವನ ಎದೆಯಲ್ಲಿ ತಿಂಗಳುಗಟ್ಟಲೆ ಮುರಿದುಕೊಂಡು ಕೂತಿತ್ತು.

ಈರಮ್ಮನ ಹಲ್ಲು ನೋಡುತ್ತಿದ್ದವಳು ಜಹೀರಾಬಾದಿನ ಹಲ್ಲಿನ ಡಾಕ್ಟರು ಸೌಮ್ಯಶ್ರೀ. ಹೋದ ವರ್ಷ ಈರಮ್ಮನ ಬಲದವಡೆಯ ಹಲ್ಲು ನೋವೆದ್ದಾಗ ಮನ್ಮಥಪ್ಪನೇ ಕೇಳಿದ್ದ: "ಹೈದರಾಬಾದಿನಾಗ ತಲಿ ಸುತ್ತ ತಿರುಗಿ ಒಳಗಿಂದೆಲ್ಲಾ ತೋರ್ಸೋ ಮಷೀನ್ ಬಂದದಂತಲ್ರಿ. ಅದ್ರಾಗೇ ತೆಗಿಸಿಬಿಡ್ರಿ."

ಆಕೆ ನಕ್ಕಿದ್ದಳು. "ಗುಟುಕು ನೀರು ಕೇಳಿದವ್ರಿಗೆ ಬಾವಿ ತೋಡ್ತಾರೇನ್ರಿ, ಯಜಮಾನ್ರ? ಹುಳುಕು ಈ ಸಣ್ಣ ಎಕ್ಸ್‌ರೇದಾಗೇ ಕಾಣ್ತದ. ಕಾರಣ ಇಲ್ದ ಒಬ್ಬರ ಮೈಮ್ಯಾಲ ಕಿರಣ ಹಾಯಿಸಬಾರದು."

ಹಳ್ಳಿಯವರೆಂದು ತಾತ್ಸಾರ ಮಾಡಿದಳೆಂದೇ ಮನ್ಮಥಪ್ಪ ಮುನಿಸಿಕೊಂಡಿದ್ದ. ಈ ವರ್ಷ ಎಡದವಡೆ ಊದಿದಾಗ ಆಕೆ ಸಣ್ಣ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಈ ಸಲ ಆ ಮಷೀನ್ ಬೇಕ್ರಿ," ಎಂದಳು. "ಎಲುಬು ಎಲ್ಲಿತನ ಸವೆದದ ಅಂತ ಇದ್ರಾಗ ತಿಳಿಯಂಗಿಲ್ಲ." ಬೇಡವೆಂದಿದ್ದವಳೇ ಈಗ ಬೇಕೆನ್ನುತ್ತಿದ್ದಳು. ರೋಗದ ಹೆಸರು ಆಮೇಲೆ ಬಂತು. ಭಯ ಅವತ್ತೇ ಬಂದಿತ್ತು.

ಹೈದರಾಬಾದಿಗೆ ಡಾಕ್ಟರಮ್ಮ ತಾನೇ ಜೊತೆಗೆ ಬಂದಳು. ಒಳಗೆ ಹೆಂಡತಿಯ ಕೈ ಹಿಡಿದು ನಿಲ್ಲುತ್ತೇನೆಂದವನನ್ನು ಬಾಗಿಲಲ್ಲೇ ತಡೆದಳು: "ಊದಿದ್ದು ಅವ್ರ ದವಡಿ. ನಿಮಗ್ಯಾಕ್ರಿ ಕಿರಣ? ನಾನೂ ಗಾಜಿನ ಆಚೀಗೇ ನಿಲ್ಲಾಕಿ." ಈರಮ್ಮ ಹೊರಗೆ ಬಂದಾಗ ಅವನ ಕಣ್ಣು ಮೊದಲು ಹೋದದ್ದು ಎದೆಯ ಮೇಲೆ. ಕರಡಿಗೆ ಇರಲಿಲ್ಲ. ಅವನು ಮುಖ ತಿರುಗಿಸಿಕೊಂಡ. ಕೇಳಿದರೆ ನೊಂದಾಳೆಂದು ಕೇಳಲಿಲ್ಲ. ಮುಂದೆ ಶಸ್ತ್ರಕ್ರಿಯೆಯಲ್ಲಿ ದವಡೆಯ ಜೊತೆಗೆ ಅವಳ ಮಾತೂ ಹೋಯಿತು.

ಹೆಣದ ಮುಂದೆ ಜಂಗಮ ಅಯ್ಯನವರು ಬಂದು ಕೂತರು. ಶಕುಂತಲಾಬಾಯಿ ಅದೇ ಮಾತು ಅವರ ಮುಂದೂ ಎತ್ತಿದಳು. ಅಷ್ಟರಲ್ಲಿ ಸೌಮ್ಯಶ್ರೀ ಒಳಗೆ ಬಂದಳು. ನಾರಾಯಣಖೇಡದ ಹತ್ತಿರ ದಾರಿಗೆ ಕಲ್ಲಿಟ್ಟು ಕೂತಿದ್ದ ಹುಡುಗರು, ಸತ್ತವರ ಮಣ್ಣಿಗೆ ಹೊರಟಿದ್ದೇನೆಂದಾಗ ಕಲ್ಲು ಸರಿಸಿ ಕಾರು ಬಿಟ್ಟಿದ್ದರಂತೆ. ಡಾಕ್ಟರಮ್ಮ ಹೆಣದ ಪಾದ ಮುಟ್ಟಿದಳು. ಬಾಗಿಲಲ್ಲೇ ಅಕ್ಕನ ಮಾತು ಅವಳ ಕಿವಿಗೆ ಬಿದ್ದಿತ್ತು.

"ಅವ್ವಾರ, ನಾ ಗಾಜಿನಾಗಿಂದ ನೋಡೀನಿ," ಎಂದಳು ಶಕುಂತಲಾಬಾಯಿಗೆ. "ಕೊರಳಾಗ ಬೆಳ್ಳಿ ಇದ್ರ ಚಿತ್ರ ಕೆಡ್ತದ. ಕೆಟ್ರ ಇನ್ನೊಮ್ಮಿ ಕಿರಣ. ಅದಕ್ಕ ತೆಗೀರಿ ಅಂದೆ, ಅವ್ರು ಒಲ್ಲೆ ಅಂದ್ರು. ಪೂಜಿಗೆ ಕೂತಾಗ ಲಿಂಗ ಎಲ್ಲಿರ್ತದ್ರಿ ಅಂತ ಕೇಳಿದೆ. ಅಂಗೈಯಾಗ ಅಂದ್ರು. ಹಂಗಾರ ಅಂಗೈಯಾಗೇ ಇರ್ಲಿ, ಕೈ ತೊಡಿ ಮ್ಯಾಲ ಇಟ್ಟು ಅಲುಗಾಡದಂಗ ಕೂಡ್ರಿ ಅಂದೆ. ಚಿತ್ರ ಬೇಕಾದದ್ದು ದವಡಿದು ಅಷ್ಟೇ, ಮಷೀನೂ ಅಷ್ಟಕ್ಕೇ ಹೊಂದಿಸಿದ್ರು. ಲಿಂಗ ಕೊರಳಿನಿಂದ ಕೈಗೆ ಬಂತು. ಮೈ ಬಿಡಲಿಲ್ಲ."

ಅಯ್ಯನವರು ತಲೆದೂಗಿದರು. "ಕರಸ್ಥಲದಾಗ ಇದ್ದದ್ದು ಅಗಲಿದ್ದು ಹ್ಯಾಂಗಾತು, ತಾಯಿ?"

"ಮುಗಿದ ಮ್ಯಾಲ ನಕ್ಕರು," ಎಂದಳು ಡಾಕ್ಟರಮ್ಮ. "ದೇವ್ರು ನನ್ನ ಕೈಯಾಗ ಕುಂತಾನ, ಈ ಹುಚ್ಚು ಮಷೀನ್ ನನಗ ಪ್ರದಕ್ಷಿಣಿ ಹಾಕ್ತದ ಅಂದ್ರು."

ಶಕುಂತಲಾಬಾಯಿಗೆ ಅಳುವಿನೊಳಗೇ ನಗು ಬಂತು. "ನಮ್ಮಾಕಿನೇ ಹೌದು," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮನ್ಮಥಪ್ಪನಿಗೆ ಆ ಬಾಗಿಲು ಮತ್ತೆ ಕಣ್ಣಮುಂದೆ ತೆರೆಯಿತು. ಹೊರಗೆ ಬಂದವಳ ಎಡಗೈ ಸೆರಗಿನೊಳಗೆ ಮುಷ್ಟಿ ಕಟ್ಟಿತ್ತು. ಅದನ್ನು ತೋರಿಸಲೆಂದೇ ಒಂದು ಹೆಜ್ಜೆ ಮುಂದೆ ಬಂದಿದ್ದಳೋ ಏನೋ. ಅವನು ಗೋಡೆ ನೋಡುತ್ತಿದ್ದ. ಮಾತು ಹೋದ ಮೇಲೂ ಕೇಳಿದ್ದರೆ ತಲೆಯಾಡಿಸಿ ಹೇಳುತ್ತಿದ್ದಳು.

ಹೊಲದ ಬದುವಿನಲ್ಲಿ ಸಮಾಧಿ ಅಗೆದಿದ್ದರು. ಈರಮ್ಮನನ್ನು ಒಳಗೆ ಕೂಡಿಸಿ ಅಯ್ಯನವರು ಕರಡಿಗೆಯಿಂದ ಲಿಂಗ ತೆಗೆದರು. ಅವಳ ಎಡಗೈಯನ್ನು ಮನ್ಮಥಪ್ಪ ತಾನೇ ಹಿಡಿದುಕೊಟ್ಟ. ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಲಿಂಗವಿಟ್ಟ ಮೇಲೆ ಒಂದೊಂದಾಗಿ ಮಡಿಸಿದ. ಬಿಲ್ವಪತ್ರೆ, ವಿಭೂತಿ, ಆಮೇಲೆ ಮಣ್ಣು.

ಎಲ್ಲರೂ ಹಿಂದೆ ಸರಿದ ಮೇಲೂ ಅವನು ಕೈ ಮುಗಿದು ನಿಂತೇ ಇದ್ದ.

"ಶಿವನೇ, ಇವಳು ನಿನ್ನನ್ನು ಒಂದು ಗಳಿಗೆಯೂ ಕೆಳಗೆ ಇಳಿಸಲಿಲ್ಲ. ನೀನೂ ಇವಳನ್ನು ಇಳಿಸಬೇಡ. ನೊಂದ ಆ ದವಡೆಗೆ ತಂಪು ಕೊಡು. ಇವಳ ಜೀವ ನಿನ್ನಲ್ಲಿ ಶಾಂತವಾಗಿರಲಿ."