ಹದಿನೆಂಟು ಗ್ರಾಂ

ನನ್ನ ಅಡುಗೆಮನೆಯಲ್ಲಿ ಹಿಟ್ಟು ತೂಗುವ ಒಂದು ಪುಟ್ಟ ತಕ್ಕಡಿ ಇದೆ. ಶುಕ್ರವಾರ ಸಂಜೆ ಇಬ್ಬರು ದೊಡ್ಡ ಗಂಡಸರು ಅದರ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ತಕ್ಕಡಿಯ ಮೇಲೆ ಒಂದು ಸೈಕಲ್ ಟೈರು ಮಡಚಿಕೊಂಡು ಕೂತಿತ್ತು.

“ನೂರ ತೊಂಬತ್ತೆರಡು,” ಎಂದ ಕ್ಯಾಪ್ಟನ್, ಆಗತಾನೆ ಹುಟ್ಟಿದ ಕೂಸಿನ ತೂಕ ಹೇಳುವ ನರ್ಸಿನ ದನಿಯಲ್ಲಿ.

ಕ್ಯಾಪ್ಟನ್ ಎಂದರೆ ಸೈನ್ಯದವನಲ್ಲ. ವಿಮೆ ಮಾರುತ್ತಾನೆ. ಭಾನುವಾರಗಳಂದು ಬಿಗಿ ಚಡ್ಡಿ ತೊಟ್ಟು ಗುಡ್ಡ ಹತ್ತಿಳಿಯುವ ಸೈಕಲ್ ಗುಂಪಿಗೆ ಅವನು ನಾಯಕ. ಪಕ್ಕದಲ್ಲಿದ್ದವನು ಹಲ್ಲಿನ ಡಾಕ್ಟರು. ಟೈರಿನ ಡಬ್ಬಿಯ ಮೇಲೆ ಬರೆದ ತೂಕವನ್ನು ಈ ಗುಂಪಿನವರು ನಂಬುವುದಿಲ್ಲ. ಯಾರ ಸೈಕಲ್ಲೋ ಅವರ ಮನೆಗೇ ಬಂದು, ಅವರ ಅಡುಗೆ ತಕ್ಕಡಿಯಲ್ಲೇ ತೂಗಿ ನೋಡಬೇಕು. ಅದು ಇವರ ಪದ್ಧತಿ. ನನ್ನ ಗಂಡ ಬದುಕಿದ್ದಷ್ಟು ದಿನ ನಮ್ಮ ಮನೆಯ ಹಿಟ್ಟಿಗೆ ರಬ್ಬರಿನ ವಾಸನೆಯಿತ್ತು.

ಅವರು ಹೋದ ವರ್ಷ ಅದೇ ಗುಡ್ಡದ ಇಳಿಜಾರಿನಲ್ಲಿ, ಮುಂದಿನ ಚಕ್ರದ ಟ್ಯೂಬು ಸಿಡಿದು ಹೋಗಿ, ತಡೆಗೋಡೆಗೆ ಬಡಿದು ಸತ್ತರು. ಚೂಪು ಕಲ್ಲು ಚುಚ್ಚಿರಬೇಕು ಎಂದಿತು ಗುಂಪು. ಈಗ ಅವರ ನೆನಪಿಗೆಂದು ಭಾನುವಾರ ಒಂದು ಸವಾರಿ. ಅವರ ಸೈಕಲ್ಲನ್ನೇ ಅವರ ತಮ್ಮ ಓಡಿಸಬೇಕಂತೆ. ಮುಂದಿನ ಚಕ್ರ ಹೊಸದು ಬಂದಿತ್ತು. ಟೈರು ಆರಿಸುವುದೊಂದು ಬಾಕಿಯಿತ್ತು.

ಮೈದುನ ಗೋಡೆಗೆ ಒರಗಿ ನಿಂತು ಹುಬ್ಬು ಗಂಟಿಕ್ಕಿಕೊಂಡು ಕೇಳುತ್ತಿದ್ದ. ಅತ್ತೆ ಬಾಗಿಲ ಬಳಿ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಅವರಿಗೆ ಉಳಿದಿರುವುದು ಈಗ ಅವನೊಬ್ಬನೇ.

“ಇನ್ನೊಂದು ಇದೆಯಲ್ಲ, ನೂರ ಎಂಬತ್ತರದ್ದು?” ಎಂದ ಡಾಕ್ಟರು.

“ಅದರ ರಬ್ಬರು ಹಪ್ಪಳದ ಥರ ಇದೆ ಕಣೋ.”

“ಹಗುರ ಅಂದ್ರೆ ಹಾಗೇ. ಚಕ್ರದಲ್ಲಿ ಒಂದು ಗ್ರಾಂ ಕಳೆದ್ರೆ ಮೈಯಲ್ಲಿ ಎರಡು ಗ್ರಾಂ ಕಳೆದ ಹಾಗೆ.”

ಕ್ಯಾಪ್ಟನ್ ನನ್ನ ಡಬ್ಬಿಯಿಂದ ಇನ್ನೊಂದು ಬಿಸ್ಕತ್ತು ತೆಗೆದುಕೊಂಡ. ಅವನ ಸೊಂಟದ ಸುತ್ತ ಇದ್ದ ಟೈರನ್ನು ಯಾರೂ ತೂಗಿರಲಿಲ್ಲ.

“ಕಲ್ಲು ಬಡಿದ್ರೆ ಇದು ತಡೆಯುತ್ತಾಪ್ಪಾ?” ಎಂದರು ಅತ್ತೆ.

ಇಬ್ಬರೂ ನಕ್ಕರು. ಕೆಟ್ಟ ನಗುವೇನಲ್ಲ, ಮಕ್ಕಳ ಮಾತಿಗೆ ನಗುವಂಥದ್ದು.

“ಅಮ್ಮಾ, ಇದು ರೇಸಿನ ಟೈರು. ತಡೆಯೋಕಲ್ಲ, ಹಾರೋಕೆ.”

ನಾನು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕಿದೆ.

ಕೊನೆಗೆ ಹಪ್ಪಳವೇ ಗೆದ್ದಿತು. ಕ್ಯಾಪ್ಟನ್ ಅಂಗಿಯ ತೋಳು ಮಡಚಿದ. “ನಾನೇ ಕೂಡಿಸಿ ಕೊಡ್ತೀನಿ. ನನ್ನದೊಂದು ಕೈಚಳಕ ಇದೆ ಮರಿ, ನೋಡ್ಕೋ. ರಿಮ್ಮಿನ ಒಳಗೆ ಒಂದು ದಪ್ಪ ಬಟ್ಟೆ ಪಟ್ಟಿ ಇರುತ್ತಲ್ಲ, ಅದನ್ನ ಕಿತ್ತು ಬಿಸಾಕೋದು. ಅದರ ಬದಲು ಪಾರ್ಸೆಲ್ ಅಂಟಿಸೋ ಟೇಪು, ಒಂದೇ ಸುತ್ತು. ಚಕ್ರಕ್ಕೆ ಹದಿನೆಂಟು ಗ್ರಾಂ ಉಳೀತು!”

“ಆ ಪಟ್ಟಿ ಯಾಕಿರುತ್ತೆ?” ಎಂದೆ. ಆ ಸಂಜೆ ನಾನಾಡಿದ ಮೊದಲ ಮಾತು ಅದು.

“ಏನಿಲ್ಲ ಮೇಡಂ, ಕಡ್ಡಿ ಕೂರೋ ತೂತು ಇರುತ್ತಲ್ಲ, ಅದನ್ನ ಮುಚ್ಚೋಕೆ. ಗಾಳಿ ತುಂಬಿದಾಗ ಟ್ಯೂಬು ತೂತಿಗೆ ನುಗ್ಗಬಾರದು ಅಂತ. ಪುಕ್ಕಲರಿಗೆ ಅದು. ಇವನಣ್ಣನ ಚಕ್ರಕ್ಕೂ ನಾನೇ ಟೇಪು ಹಾಕ್ಕೊಟ್ಟಿದ್ದೆ. ಎಷ್ಟು ಕುಣಿದಾಡಿದ್ದ ಗೊತ್ತಾ!”

ಅವನು ಹೆಮ್ಮೆಯಿಂದಲೇ ಹೇಳಿದ. ಹೇಳಿದ ಮೇಲೂ ಅವನ ಮುಖದಲ್ಲಿ ಏನೂ ಕದಲಲಿಲ್ಲ.

ನಾನು ಒಳಗೆ ಹೋದೆ. ಚಪ್ಪಲಿ ಇಡುವ ಕಪಾಟಿನ ತಳದಲ್ಲಿ ಒಂದು ಚೀಲವಿದೆ. ಅಪಘಾತದ ಚಕ್ರದಿಂದ ಬಿಚ್ಚಿದ ಟೈರು, ಟ್ಯೂಬುಗಳನ್ನು ಸೈಕಲ್ ಅಂಗಡಿಯವನು ಅದರಲ್ಲಿ ಹಾಕಿ ಕೊಟ್ಟಿದ್ದ. ನಾನು ಅವನ್ನು ಎಷ್ಟೋ ಸಲ ಹೊರಗೆ ತೆಗೆದು ನೋಡಿದ್ದೇನೆ, ಮಾಡಲು ಬೇರೆ ಕೆಲಸವಿಲ್ಲದಾಗ. ಟೈರಿನಲ್ಲಿ ಎಲ್ಲೂ ಗೀರಿಲ್ಲ. ಟ್ಯೂಬು ಹರಿದಿರುವುದು ರಸ್ತೆಯ ಕಡೆಯಲ್ಲ, ರಿಮ್ಮಿನ ಕಡೆ. ಆ ಕಡೆ ಉದ್ದಕ್ಕೂ ಸಾಲಾಗಿ ದುಂಡನೆಯ ಪುಟ್ಟ ಬೊಬ್ಬೆಗಳು. ಒಂದು ಬೊಬ್ಬೆ ಬಾಯಿಬಿಟ್ಟಿದೆ. ಅವು ಏನೆಂದು ನನಗೆ ಈವರೆಗೆ ಗೊತ್ತಿರಲಿಲ್ಲ.

ಟ್ಯೂಬನ್ನು ತಂದು ತಕ್ಕಡಿಯ ಮೇಲಿಟ್ಟೆ.

ಇಬ್ಬರೂ ಬಾಗಿದರು.

“ತೊಂಬತ್ತೆಂಟು,” ಎಂದ ಕ್ಯಾಪ್ಟನ್.

“ಟ್ಯೂಬು ಭಾರ ಆಯ್ತು,” ಎಂದ ಡಾಕ್ಟರು. “ಎಪ್ಪತ್ತರದ್ದು ಸಿಗುತ್ತೆ.”

ನಾನು ಹೇಳಬೇಕಾದ್ದು ಅಲ್ಲೇ ಬಿದ್ದಿತ್ತು, ಅವರು ಅದರ ಕೆಳಗಿನ ಅಂಕಿ ಓದುತ್ತಿದ್ದರು.

ಮೈದುನ ಗೋಡೆ ಬಿಟ್ಟು ಬಂದ. ಟ್ಯೂಬನ್ನು ಎತ್ತಿ ಬೆರಳಲ್ಲಿ ಸವರಿದ. ಮೂಲೆಯಲ್ಲಿಟ್ಟಿದ್ದ ಹೊಸ ಚಕ್ರದ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ, ಕೆಳಗಿನ ತೂತುಗಳ ಮೇಲೆ ಬೊಬ್ಬೆಗಳನ್ನು ಒಂದೊಂದಾಗಿ ಇಟ್ಟು ನೋಡಿದ. ತೂತಿಗೊಂದು ಬೊಬ್ಬೆ ಸರಿಯಾಗಿ ಕೂತಿತು.

“ಇದು ಅಣ್ಣಂದಾ, ಅತ್ತಿಗೆ?”

“ಹೂಂ.”

“ಕಲ್ಲು ಅಂದಿದ್ರಲ್ಲ, ಕ್ಯಾಪ್ಟನ್?”

ಕ್ಯಾಪ್ಟನ್ ಬಾಯಿ ಒರೆಸಿಕೊಂಡ. “ನೋಡು ಮರಿ, ಅದು ಟೇಪಿನ ಗುಣಮಟ್ಟ. ಆಗಿನದು ಸ್ವಲ್ಪ ಕಳಪೆ. ಬೇಕಾದ್ರೆ ನಿನಗೆ ಎರಡು ಸುತ್ತು ಹಾಕೋಣ. ಹೆಚ್ಚೆಂದ್ರೆ ಮೂರು ಗ್ರಾಂ ಜಾಸ್ತಿ ಆಗುತ್ತೆ, ಅಷ್ಟೇ ತಾನೇ?”

ಅತ್ತೆ ಎದ್ದು ನಿಂತರು. ಅವರಿಗೆ ರಿಮ್ಮು, ಪಟ್ಟಿ ಏನೂ ತಿಳಿಯದು. ಮಾತಾಡುತ್ತಿದ್ದವನ ಮುಖ ತಿಳಿಯುತ್ತದೆ. “ಕತ್ತಲಾಯ್ತು,” ಎಂದರು. “ಹೊರಡಿ.”

ಹೊರಟರು. ಎರಡೂ ಟೈರುಗಳನ್ನು ಮಾತ್ರ ಮರೆಯದೆ ಬಗಲಿಗೆ ಹಾಕಿಕೊಂಡರು.

ಮರುದಿನ ಮೈದುನನ ಜೊತೆ ಸೈಕಲ್ ಅಂಗಡಿಗೆ ಹೋದೆ. ಅವನು ಸವಾರಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಬಿಡುತ್ತಾನೆಂದು ನಾನು ಎಣಿಸಿಯೂ ಇರಲಿಲ್ಲ. ಅವನೂ ಅದೇ ಮನೆಯ ಗಂಡಸು. ದಿನಾ ಕೆಲಸಕ್ಕೆ ಓಡಾಡುವವರು ಹಾಕಿಸುವ ಟೈರನ್ನು ತೋರಿಸಿದೆ. ಅಗಲ, ಒಳಗೆ ಚುಚ್ಚು ತಡೆಯುವ ಪದರ. ಅವನು ಅದನ್ನು ಕೈಯಲ್ಲಿ ಎತ್ತಿ ಇಳಿಸಿದ.

“ಅತ್ತಿಗೆ, ಇದು ಮುನ್ನೂರ ಮೂವತ್ತಿದೆ.”

“ಇರಲಿ.”

“ಇದರಲ್ಲೇ ಇಪ್ಪತ್ತು ಗ್ರಾಂ ಕಮ್ಮೀದು ಅಲ್ಲಿದೆ ನೋಡಿ.”

ನಾನು ಅವನನ್ನೇ ನೋಡಿದೆ. ನೆನ್ನೆ ಬೊಬ್ಬೆಗಳ ಮೇಲೆ ಬೆರಳಾಡಿಸಿದ್ದವನೇ ಇವನು. ಈ ಹುಚ್ಚು ರಕ್ತದಲ್ಲಿ ಬಂದದ್ದೋ, ಆ ಬಿಗಿ ಚಡ್ಡಿಯಲ್ಲಿ ಬಂದದ್ದೋ.

“ಆಯ್ತು, ಆಯ್ತು,” ಎಂದು ಭಾರದ್ದನ್ನೇ ತೆಗೆದುಕೊಂಡ. ಬಟ್ಟೆ ಪಟ್ಟಿಯನ್ನು ಅವನೇ ಕೇಳಿದ. ಎರಡೂ ಚಕ್ರಕ್ಕೆ, ದಪ್ಪದ್ದು. ಮನೆಗೆ ಬಂದು ತಾನೇ ಕೂತು ಅಂಟಿಸಿದ. ತೂಗಲಿಲ್ಲ. ತಕ್ಕಡಿಯನ್ನು ನಾನು ಮೊದಲೇ ಎತ್ತಿಟ್ಟಿದ್ದೆ.

ಭಾನುವಾರದ ಸವಾರಿ ನಮ್ಮ ಮನೆಯ ಗೇಟಿನಲ್ಲಿ ಮುಗಿಯಬೇಕೆಂದು ಗುಂಪು ಹಿಂದೆಯೇ ಗೊತ್ತುಮಾಡಿತ್ತು. ತೀರಿಹೋದವನ ಗೇಟಲ್ಲವೇ. ಎಲ್ಲರೂ ಬಂದರು, ಬೆವರು ಒರೆಸಿಕೊಂಡು ಚಹಾ ಕುಡಿದರು, ಗಾಳಿಯ ದಿಕ್ಕಿನ ಬಗ್ಗೆ ಮಾತಾಡಿದರು. ಕ್ಯಾಪ್ಟನ್ನೂ ಬಂದಿದ್ದ. ಬಾರದಿರಲು ಅವನಿಗೆ ಕಾರಣವೇ ಹೊಳೆದಿರಲಿಲ್ಲ. ಮೈದುನ ಬರಲಿಲ್ಲ. ಅತ್ತೆ ಗೇಟಿನ ಸರಳು ಹಿಡಿದು ನಿಂತಿದ್ದರು. ನಾನು ಖಾಲಿ ಲೋಟಗಳನ್ನು ಒಳಗೆ ಒಯ್ದು, ಮತ್ತೆ ತುಂಬಿಸಿ ತಂದೆ. ಒಂದು ಲೋಟ ಯಾರದೆಂದು ತಿಳಿಯದೆ ಕೈಯಲ್ಲೇ ಉಳಿಯಿತು.

ಅವನು ತಿರುವಿನಲ್ಲಿ ಕಾಣಿಸಿದ. ಮುಖ ಕೆಂಪಗೆ, ಬಾಯಿ ತೆರೆದುಕೊಂಡು, ನಿಧಾನವಾಗಿ ತುಳಿಯುತ್ತ ಬಂದು ಕಾಲು ನೆಲಕ್ಕೆ ಊರಿದ.

“ಏನಯ್ಯಾ, ಎತ್ತಿನ ಗಾಡಿ,” ಎಂದ ಕ್ಯಾಪ್ಟನ್. “ನಿನ್ನಣ್ಣ ಇದ್ದಿದ್ರೆ ನಾಚಿಕೊಳ್ತಿದ್ದ.”

“ಇದ್ದಿದ್ರೆ ತಾನೇ?” ಎಂದ ಮೈದುನ.

ಅತ್ತೆ ಬಗ್ಗಿ ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಹಿಂದಿನದನ್ನು.

ಕ್ಯಾಪ್ಟನ್ ಲೋಟ ಕೆಳಗಿಟ್ಟ. ಕೈ ಸುಮ್ಮನಿರಲಿಲ್ಲ, ಸೈಕಲ್ಲಿನ ಚೌಕಟ್ಟು ಹಿಡಿದು ಒಂದು ಗೇಣು ಮೇಲಕ್ಕೆತ್ತಿದ.

“ಭಾರ,” ಎಂದ.

ನನ್ನ ಕೈಯಲ್ಲಿದ್ದ ಚಹಾ ಆರಿತ್ತು. ಅತ್ತೆ ಅದನ್ನು ಇಸಿದುಕೊಂಡು, ಮಗನಿಗೆ ಬಿಸಿ ಮಾಡಿಕೊಡಲು ಒಳಗೆ ಹೋದರು.