ತೂಕ ನೋಡಿ ಕೊಂಡ ಕಂಪ್ಯೂಟರ್

ಇದನ್ನು ನನಗೆ ಹೇಳಿದವರು ವೇಣೂರಿನ ರಾಜೀವಿಯಮ್ಮ. ಅವರ ಅಣ್ಣ ಹೇಮರಾಜರಿಗೆ ಮೂಡುಬಿದಿರೆಯಲ್ಲಿ ಕಂಚಿನ ಪಾತ್ರೆಗಳ ಅಂಗಡಿ. ಕೈಯಲ್ಲಿ ಎತ್ತಿಯೇ ಮಾಲಿನ ಯೋಗ್ಯತೆ ಹೇಳುವವರು. ಮಗಳು ತನ್ವಿಗೆ ಮನೆಯಲ್ಲೇ ಕಟ್ಟಡದ ನಕ್ಷೆ ಬರೆಯುವ ಮೊದಲ ಕೆಲಸ ಸಿಕ್ಕಾಗ, ಬೆಳ್ತಂಗಡಿಯ ಅಂಗಡಿಯೊಂದರಲ್ಲಿ ಎರಡು ಸಿದ್ಧ ಕಂಪ್ಯೂಟರ್‌ಗಳನ್ನು ಎತ್ತಿ ನೋಡಿದರು.

"ಇದು ಒಳ್ಳೆ ಭಾರ ಉಂಟು. ಇದನ್ನೇ ತೆಗೊಳ್ಳುವ."

"ಒಳಗೆ ಏನುಂಟು ಅಂತ ಕೇಳಿ ಅಪ್ಪ. ಇದೇನು ಕಂಚಿನ ಉರುಳಿ ಪಾತ್ರೆಯಾ?"

ಕೊನೆಗೆ ಭಾರದ್ದನ್ನೇ ಕೊಂಡರು. ನಕ್ಷೆ ಒಪ್ಪಿಸುವ ದಿನವೇ ಯಂತ್ರ ಹೊಗೆಯುಗುಳಿ ನಿಂತಿತು. ಕೆಲಸ ಬೇರೆಯವರ ಪಾಲಾಯಿತು. ತನ್ವಿ ಒಳಗಿನ ಕರೆಂಟಿನ ಡಬ್ಬಿ ಬಿಚ್ಚಿದಳು. ನಾಲ್ಕು ತೆಳು ತಂತಿಗಳ ಪಕ್ಕದಲ್ಲಿ, ಬರೀ ತೂಕಕ್ಕೆಂದು ಅಂಟಿಸಿದ ಕಬ್ಬಿಣದ ಗಟ್ಟಿ!

ಹೇಮರಾಜರು ದಂಗಾದರು. ಅದನ್ನು ಅಂಗೈಯಲ್ಲಿಟ್ಟು, "ಮುಕ್ಕಾಲು ಕಿಲೋ" ಎಂದಷ್ಟೇ ಉಸುರಿದರು.

ತಕ್ಕಡಿಗೆ ಹಾಕಿದಾಗ ಸರಿಯಾಗಿ ಅಷ್ಟೇ ಇತ್ತು.